ಆಳಂದಕ್ಕೆ ಮಂಜೂರಾದ ನಗು

ಕಚೇರಿ ವೇಳೆಯಲ್ಲಿ ಅನುಮತಿಯಿಲ್ಲದೆ ನಗುವುದು ಶಿಸ್ತುಭಂಗವಾಗುತ್ತದೆ ಎಂಬ ಸಂಗತಿ ಆಳಂದದ ತಾಲೂಕು ಕುಂದುಕೊರತೆ ಸಮನ್ವಯ ಕಚೇರಿಯಲ್ಲಿ ೧೯೮೩ರ ತನಕ ಯಾರಿಗೂ ತಿಳಿದಿರಲಿಲ್ಲ. ತಿಳಿಯುವ ಸಂದರ್ಭವೂ ಬಂದಿರಲಿಲ್ಲ, ಯಾಕೆಂದರೆ ಅಲ್ಲಿಯವರೆಗೆ ಆ ಕಚೇರಿಯಲ್ಲಿ ಯಾರೂ ನಕ್ಕಿರಲಿಲ್ಲ. ಮೊದಲು ನಕ್ಕವನು ಇಜೇರಿಯ ಚಂದ್ರಾಮಪ್ಪ.

ಚಂದ್ರಾಮಪ್ಪ ಅಲ್ಲಿಯ ಹಂಗಾಮಿ ಗುಮಾಸ್ತ. ಹಂಗಾಮಿ ಎಂದರೆ ಖಾಯಂ ಆದವರ ಕೆಲಸವನ್ನೆಲ್ಲ ಮಾಡಬೇಕು, ಕುಳಿತ ಕುರ್ಚಿ ಮಾತ್ರ ತನ್ನದೆಂದು ತಿಳಿಯಬಾರದು. ಅವನಿಗೆ ಭೀಮಾ ದಂಡೆಯ ಮಣ್ಣೂರಿನ ಶಿವಕಾಂತಾ ಎಂಬ ಹುಡುಗಿಯನ್ನು ನೋಡಿದ್ದರು. ಹುಡುಗಿ ಒಪ್ಪಿದ್ದಳು, ಇವನಂತೂ ನೋಡಿದ ಗಳಿಗೆಯಿಂದಲೇ ಒಪ್ಪಿ ಕುಳಿತಿದ್ದ. ಆದರೆ ಅವಳ ತಂದೆ ಮಲ್ಲಣ್ಣ ಎರಡು ಮಾತು ಖಂಡಿತವಾಗಿ ಹೇಳಿದ್ದ: ಅಳಿಯನ ನೌಕರಿ ಖಾಯಂ ಆಗಬೇಕು, ಮನೆಯ ಹತ್ತಿರವೇ ನೀರಿರಬೇಕು. "ನದಿ ದಂಡಿ ಮ್ಯಾಲ ಬೆಳದ ಮಗಳ್ರಿ. ಕೊಡ ಹೊತ್ಕೊಂಡು ಊರೂರು ತಿರಗಾಕ ಕೊಡೂದಿಲ್ಲ."

ನೌಕರಿ ಖಾಯಂ ಆಗಿರಲಿಲ್ಲ. ನೀರಿನ ವಿಷಯ ಇನ್ನೂ ಚೆಂದಾಗಿತ್ತು. ಚಂದ್ರಾಮಪ್ಪ ಬಾಡಿಗೆಗಿದ್ದ ಓಣಿಯ ಬೋರಿಂಗ್, ಅಂದರೆ ಕೈಪಂಪು, ಕೆಟ್ಟು ಬಹಳ ಕಾಲವಾಗಿತ್ತು. ಹಿಡಿಕೆ ಹೊಡೆದರೆ ಗಾಳಿ ಬರುತ್ತಿತ್ತು, ಅದೂ ಬೇಸಿಗೆಯಲ್ಲಿ ಬಿಸಿಗಾಳಿ. ಅದೇ ಓಣಿಯ ಮುದುಕಿ ಹಣಮವ್ವ ಇದರ ಬಗ್ಗೆ ಕಚೇರಿಗೆ ಬರುತ್ತಲೇ ಇದ್ದಳು. ಈ ಮೇಜಿನವರು ಆ ಮೇಜಿಗೆ, ಆ ಮೇಜಿನವರು ಊಟಕ್ಕೆ, ಊಟ ಮುಗಿಸಿದವರು ನಾಳೆಗೆ ಅವಳನ್ನು ಕಳಿಸುತ್ತಿದ್ದರು. ಸಮನ್ವಯ ಅಂದರೆ ಇದೇ ಎಂದು ಎಲ್ಲರೂ ನಂಬಿದ್ದರು.

ಆ ವರ್ಷ ಮೇಲಿನಿಂದ ದಕ್ಷತಾ ಪಾಕ್ಷಿಕ ಆಚರಿಸಲು ಸುತ್ತೋಲೆ ಬಂತು. ಸಿಬ್ಬಂದಿಗೆ ಮಾದರಿ ಕಚೇರಿಯೊಂದರ ಚಲನಚಿತ್ರ ತೋರಿಸತಕ್ಕದ್ದು ಎಂದು ಅದರಲ್ಲಿತ್ತು. ಕಚೇರಿಯ ಕುರಿತು ಒಂದು ಇಂಗ್ಲಿಷ್ ಚಿತ್ರ ಬೇಕೆಂದು ಎಲ್ಲಿಗೋ ಬರೆದರು, ಎಲ್ಲಿಂದಲೋ ಒಂದು ಡಬ್ಬಿ ಬಂತು. ಪ್ರಚಾರ ವ್ಯಾನಿನ ಖಾದರಸಾಬ ಅದನ್ನು ತಂದು ಇಳಿಸಿದ. ಕೇಳಿದ್ದು ಕಚೇರಿಯ ಚಿತ್ರ, ಬಂದದ್ದೂ ಕಚೇರಿಯದೇ, ಆದ್ದರಿಂದ ಯಾರದೂ ತಪ್ಪಿಲ್ಲ ಎಂದು ಆಮೇಲೆ ನಡೆದ ವಿಚಾರಣೆಯಲ್ಲಿ ಸಿದ್ಧವಾಯಿತು.

ಕಿಟಕಿಗೆ ಕಂಬಳಿ ಕಟ್ಟಿ, ಗೋಡೆಗೆ ಅಧಿಕಾರಿ ಜಗದೇವಪ್ಪನವರ ಮನೆಯ ಧೋತರ ಬಿಗಿದು, ಮಧ್ಯಾಹ್ನದ ಹೊತ್ತು ಚಿತ್ರ ಸುರುವಾಯಿತು. ಲಂಡನ್ನಿನ ಯಾವುದೋ ಪುರಸಭೆಯ ಕಚೇರಿ. ಅಲ್ಲಿಯ ದೊಡ್ಡ ಸಾಹೇಬ ಮುಖದ ಮೇಲೆ ಪೇಪರು ಹೊದ್ದು ಮಲಗಿರುತ್ತಾನೆ. ಇಬ್ಬರು ಗುಮಾಸ್ತರು ಒಂದೇ ಫೈಲನ್ನು ಬೆಳಗಿನಿಂದ ಒಬ್ಬರಿಗೊಬ್ಬರು ಕೊಡುತ್ತಿರುತ್ತಾರೆ. ಚಹಾ ಬರುತ್ತದೆ, ಹೋಗುತ್ತದೆ, ಮತ್ತೆ ಬರುತ್ತದೆ. ಟೋಪಿ ಹಾಕಿದ ಒಬ್ಬ ಮುದುಕಿ ಬಂದು ತನ್ನ ಮನೆ ಮುಂದಿನ ಬೀದಿದೀಪ ಉರಿಯುತ್ತಿಲ್ಲ ಎನ್ನುತ್ತಾಳೆ. ಅವಳನ್ನು ಕಿಟಕಿಯಿಂದ ಕಿಟಕಿಗೆ ಓಡಾಡಿಸುತ್ತಾರೆ. ಕೊನೆಗೆ ಸಾಹೇಬ ಎದ್ದು, ದೀಪ ಉರಿಯುತ್ತಿದೆ ಎಂದು ಒಂದು ಸರ್ಟಿಫಿಕೇಟು ಬರೆದು ಕೊಡುತ್ತಾನೆ. ಮರುದಿನ ಮುದುಕಿ ಆ ದೀಪವನ್ನೇ ಕಿತ್ತುಕೊಂಡು ಬಂದು ಅವನ ಮೇಜಿನ ಮೇಲೆ ಇಡುತ್ತಾಳೆ.

ಸಿಬ್ಬಂದಿ ಉಸಿರು ಬಿಗಿಹಿಡಿದು ನೋಡಿದರು. ಜಗದೇವಪ್ಪನವರು ಟಿಪ್ಪಣಿ ಮಾಡಿಕೊಳ್ಳುತ್ತ ಪಕ್ಕದವರಿಗೆ ಹೇಳಿದರು: "ನೋಡ್ರಿ, ಆ ಮುದಿಕಿಗೆ ಇಲ್ಲ ಅಂತ ಒಬ್ರೂ ಅಂದಿಲ್ಲ. ಎಷ್ಟ್ ಮರ್ಯಾದಿಲೆ ಮುಂದಕ್ಕ ಕಳಸಾಕತ್ತಾರ. ಸುಮ್ನ ನಮ್ಮನ್ನ ಆಳಿದ್ರೇನ ಅವ್ರು?"

ಮೇಜಿನ ಮೇಲೆ ದೀಪ ಬಂದು ಕೂತಾಗ ಚಂದ್ರಾಮಪ್ಪನ ಬಾಯಿಂದ ನಗು ಹೊರಬಿತ್ತು. ಅವನು ತಡೆದ, ತಾನು ಉಟ್ಟ ಧೋತರದ ಚುಂಗು ಬಾಯಿಗಿಟ್ಟುಕೊಂಡ, ಆಗಲಿಲ್ಲ. ಟೋಪಿ ತೆಗೆದು ತಲೆಯ ಮೇಲೆ ಸೆರಗು ಹಾಕಿದರೆ ಆ ಮುದುಕಿ ಥೇಟು ಹಣಮವ್ವ. ಬಹಳ ವರ್ಷಗಳ ಮೇಲೆ ಹೊಟ್ಟೆಯಿಂದ ಎದ್ದ ನಗು ಅದು. ಕಣ್ಣಲ್ಲಿ ನೀರು ಬಂತು, ಪಾಪ, ಅವನ ಓಣಿಯವರಿಗೆ ಆ ಸಲ ಬಂದ ನೀರು ಅಷ್ಟೇ.

ಮರುದಿನ ಅವನಿಗೆ ಕಾರಣ ಕೇಳಿ ನೋಟೀಸು ಬಂತು. "ಸದರಿ ಚಿತ್ರ ಪ್ರದರ್ಶನದ ವೇಳೆ ತಾವು ನಕ್ಕಿರುವುದು ಗಮನಕ್ಕೆ ಬಂದಿದೆ. ಯಾರ ಆದೇಶದ ಮೇರೆಗೆ ನಗಲಾಯಿತು? ಸದರಿ ನಗುವನ್ನು ಕಚೇರಿ ವೇಳೆಯ ನಂತರಕ್ಕೆ ಮುಂದೂಡಲು ಇದ್ದ ಅಡಚಣೆಯೇನು? ಸಮಾಧಾನಕರ ಉತ್ತರ ಬಾರದಿದ್ದಲ್ಲಿ ತಮ್ಮ ಹಂಗಾಮಿ ಸೇವೆಯನ್ನು ಮುಕ್ತಾಯಗೊಳಿಸಲಾಗುವುದು."

ಚಂದ್ರಾಮಪ್ಪ ಉತ್ತರ ಬರೆಯಲು ಕುಳಿತ. ಲಂಡನ್ನಿನ ಸಾಹೇಬ ನಮ್ಮ ಸಾಹೇಬರ ಹಾಗೆಯೇ ಕಂಡ ಎಂದು ನಿಜ ಬರೆದರೆ ನೌಕರಿ ಹೋಗುತ್ತದೆ. ಸುಮ್ಮನೆ ನಕ್ಕೆ ಎಂದು ಬರೆದರೆ ಹುಚ್ಚನೆಂದು ನೌಕರಿ ಹೋಗುತ್ತದೆ. ಎರಡರಲ್ಲೂ ಶಿವಕಾಂತಾ ಹೋಗುತ್ತಾಳೆ. ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ತಲೆ ಹಿಡಿದು ಕುಳಿತಿದ್ದವನ ಎದುರಿಗೆ ಖಾದರಸಾಬ ಬಂದು ಕುಳಿತ. ವಿಷಯ ಕೇಳಿ ಸಾಸರಿಗೆ ಚಹಾ ಸುರಿಯುತ್ತ ಹೇಳಿದ:

"ನಗೋ ಸಿನೇಮಾಕ್ಕ ನಕ್ಕೀರಿ, ಇದ್ರಾಗ ಗುನ್ಹಾ ಏನದ? ಇಂಗ್ಲೆಂಡದಾಗ ಮದಲ ಇದು ಟಿವಿಯೊಳಗ ವಾರಾ ವಾರಾ ಬರ್ತಿತ್ತಂತ. ಮಂದಿ ಕೆಲಸಾ ಬಿಟ್ಟು ನೋಡ್ತಿದ್ರಂತ. ಛಲೋ ನಡೀತು ಅಂತ ಅದನ್ನ ಹಿಗ್ಗಿಸಿ ಸಿನೇಮಾ ಮಾಡ್ಯಾರ. ಡಬ್ಬಿ ಕೊಟ್ಟಾಂವ ನನಗ ಹೇಳ್ದ."

"ಸಾಹೇಬ್ರಿಗೆ ನೀವ್ಯಾಕ ಹೇಳಲಿಲ್ರಿ?"

"ಅವ್ರು ಕೇಳಲಿಲ್ಲ. ನಂದು ತೋರಸೋ ಕೆಲಸ." ಖಾದರಸಾಬ ಚಹಾ ಹೀರಿದ. "ಇನ್ನೊಂದ್ ಮಜಾ ಕೇಳ್ರಿ. ಟಿವಿಯೊಳಗ ಇದ್ದಾಗ ನಗು ಅವ್ರ ಹಾಕಿ ಕಳಸ್ತಿದ್ರಂತ. ಎಲ್ಲಿ ನಗಬೇಕೋ ಅಲ್ಲಿ ಪೆಟಗಿಯೊಳಗಿಂದ ಮಂದಿ ನಕ್ಕಿದ್ದು ಕೇಳ್ತಿತ್ತು. ಸಿನೇಮಾ ಮಾಡುವಾಗ ಅದನ್ನ ತಗದಾರ. ನೋಡೋರ ನಕ್ಕೋಳ್ಳಿ ಅಂತ."

ಚಂದ್ರಾಮಪ್ಪ ಎದ್ದು ಕಚೇರಿಗೆ ಓಡಿದ. ಅವನ ಉತ್ತರ ಹೀಗಿತ್ತು: "ಸದರಿ ಚಿತ್ರವು ಮೂಲತಃ ಟಿವಿಯಲ್ಲಿ ಪ್ರಸಾರವಾದಾಗ ನಗುವನ್ನು ಸರಬರಾಜುದಾರರೇ ಒದಗಿಸಿದ್ದು, ನಮಗೆ ತಲುಪಿದ ಪ್ರತಿಯಲ್ಲಿ ಅದು ಕಡಿಮೆ ಬಿದ್ದಿರುತ್ತದೆ. ಸರಕಾರಿ ಕಾರ್ಯಕ್ರಮಕ್ಕೆ ಲೋಪ ಬರಬಾರದೆಂದು ಸದರಿ ಕೊರತೆಯನ್ನು ಸ್ಥಳೀಯವಾಗಿ ತುಂಬಿಕೊಟ್ಟಿರುತ್ತೇನೆ. ಮನ್ನಿಸಬೇಕು."

ಜಗದೇವಪ್ಪನವರು ಅದನ್ನು ಓದಿ ಬಹಳ ಹೊತ್ತು ಫ್ಯಾನು ನೋಡಿದರು. ಚಿತ್ರದಲ್ಲಿರುವುದು ಮಾದರಿ ಕಚೇರಿಯೆಂದೂ, ತಮ್ಮ ಕಚೇರಿ ಈಗಾಗಲೇ ಆ ಮಟ್ಟ ಮುಟ್ಟಿದೆಯೆಂದೂ ಅವರು ಮೇಲಕ್ಕೆ ವರದಿ ಕಳಿಸಿಬಿಟ್ಟಿದ್ದರು. ಚಿತ್ರ ತಮಾಷೆಯದು ಎಂದರೆ ತಮಾಷೆ ಯಾರದು ಎಂಬ ಪ್ರಶ್ನೆ ಬರುತ್ತದೆ. ಆದರೆ ದೊಡ್ಡ ಕುರ್ಚಿಯಲ್ಲಿ ಕುಳಿತವರಿಗೆ ಬುದ್ಧಿ ಕುರ್ಚಿಯಿಂದಲೇ ಏರುತ್ತದೆ.

"ಚಂದ್ರಾಮಪ್ಪ, ಆ ಕಚೇರಿ ಮಾದರಿನೇ ಅದ. ನಮ್ಮಲ್ಲಿ ಎಲ್ಲಾ ಹಂಗ ಅದ, ಸಾಹೇಬ ಅದಾನ, ಫೈಲ್ ಅದ, ಚಹಾ ಅದ. ಕಮ್ಮಿ ಬಿದ್ದದ್ದು ನಗು ಒಂದ. ಅಂದ್ರ ಒಂದ್ ಹುದ್ದೆ ಖಾಲಿ ಅದ."

"ಖಾಯಂ ಹುದ್ದೇನ್ರಿ ಸಾಹೇಬ್ರ?"

"ಕೊರತಿ ಖಾಯಂ ಇದ್ದಲ್ಲಿ ಹುದ್ದೆನೂ ಖಾಯಂ."

ಹೀಗೆ ಚಂದ್ರಾಮಪ್ಪ ನಗು ಸಹಾಯಕನೆಂದು ಖಾಯಂ ಆದ. ನಿಯಮಾವಳಿಯನ್ನು ಚಿತ್ರ ನೋಡಿಯೇ ಬರೆದರು. ದೂರುದಾರರು ಪುರಾವೆ ಸಮೇತ ಬಂದು ಅದನ್ನು ಮೇಜಿನ ಮೇಲಿಟ್ಟಾಗ ಸಹಾಯಕನು ಮೊದಲು ನಗತಕ್ಕದ್ದು. ಅವನು ನಕ್ಕ ಮೇಲೆ ಉಳಿದವರು ಹುದ್ದೆಯ ಹಿರಿತನದ ಪ್ರಕಾರ ನಗತಕ್ಕದ್ದು. ರಜೆಯಲ್ಲಿದ್ದವರು ಬಂದ ದಿನ ಬಾಕಿ ನಕ್ಕು ತೀರಿಸತಕ್ಕದ್ದು. ಚಿತ್ರದ ಜೊತೆಗೆ ಅವನನ್ನೂ ಅಫಜಲಪುರಕ್ಕೆ, ಜೇವರ್ಗಿಗೆ ಕಳಿಸಿದರು. ಅಲ್ಲಿಯ ಸಿಬ್ಬಂದಿಯೂ ಶಿಸ್ತಿನಿಂದ ನಕ್ಕರು. ನಗುವುದನ್ನು ನಿಲ್ಲಿಸುವ ಅಧಿಕಾರ ಯಾರದು ಎಂದು ಜೇವರ್ಗಿಯವರೊಬ್ಬರು ಸ್ಪಷ್ಟೀಕರಣ ಕೇಳಿದರು. ಉತ್ತರ ಬರುವ ತನಕ ಅವರು ನಗುತ್ತಲೇ ಇದ್ದರಂತೆ.

ಇನ್ನು ದಕ್ಷತೆ ಜಾರಿಗೆ ಬರಬೇಕಲ್ಲ. ಜಗದೇವಪ್ಪನವರು ಹಣಮವ್ವನ ಫೈಲು ತರಿಸಿದರು. "ಲಂಡನ್ ಪದ್ಧತಿ ಪ್ರಕಾರ ಬೋರಿಂಗ್ ಚಾಲೂ ಅದ ಅಂತ ಸರ್ಟಿಫಿಕೇಟ್ ಬರೀರಿ" ಎಂದರು. ಚಂದ್ರಾಮಪ್ಪನ ಪೆನ್ನು ತಡೆಯಿತು. ಆ ಬೋರಿಂಗಿನ ಹಿಡಿಕೆಗೆ ಅವನೂ ದಿನಾ ಕೈ ಹಚ್ಚಿ ಬರಿಗೈಲಿ ಬಂದವನೇ. ಆದರೆ ಮಲ್ಲಣ್ಣನ ಎರಡನೆಯ ಮಾತು ನೆನಪಾಯಿತು. ಒಂದಕ್ಕೆರಡು ಪ್ರತಿ ಬರೆದು, ಒಂದನ್ನು ಮಣ್ಣೂರಿಗೆ ಒಯ್ದ. ಮಲ್ಲಣ್ಣ ಸೀಲನ್ನು ಬೆರಳಿನಿಂದ ಸವರಿ ನೋಡಿ, "ಸರಕಾರದ ನೀರ ಅಂದ್ರ ಪಕ್ಕಾ" ಎಂದ. ಮದುವೆ ಗೊತ್ತಾಯಿತು. ಅವನಿಗೆ ಸಂತೋಷವೂ ಆಯಿತು, ನಾಚಿಕೆಯೂ ಆಯಿತು. ಸಂತೋಷ ದೊಡ್ಡದಿತ್ತು.

ಇನ್ನೊಂದು ಪ್ರತಿ ಪಡೆದ ಹಣಮವ್ವ ಮರುದಿನ ಖಾಲಿ ಕೊಡ ಹೊತ್ತು ಬಂದಳು. ಕೊಡವನ್ನು ಚಂದ್ರಾಮಪ್ಪನ ಮೇಜಿನ ಮೇಲಿಟ್ಟು, ಸರ್ಟಿಫಿಕೇಟನ್ನು ಅದರ ಬಾಯಿಯ ಮೇಲೆ ಬಗ್ಗಿಸಿ ಹಿಡಿದಳು.

"ಬರಾಕತ್ತಿಲ್ಲಲ್ಲೋ ತಮ್ಮಾ. ಇದನ್ನ ಹೆಂಗ ಹಿಂಡಬೇಕು, ನೀನರ ತೋರ್ಸು."

ಮುದುಕಿ, ಮೇಜು, ಪುರಾವೆ, ಎಲ್ಲವೂ ಚಿತ್ರದಲ್ಲಿದ್ದಂತೆಯೇ. ಎಲ್ಲರೂ ಚಂದ್ರಾಮಪ್ಪನ ಮುಖ ನೋಡಿದರು. ಅವನಿಗೆ ಅಳು ಬರುವಂತಾಗಿತ್ತು. ನೌಕರಿ ನೆನೆಸಿಕೊಂಡು ನಕ್ಕ. ಆಮೇಲೆ ಹಿರಿತನದ ಪ್ರಕಾರ ಎಲ್ಲರೂ ನಕ್ಕರು, ಕೊನೆಗೆ ಜವಾನ ಧರ್ಮಣ್ಣ ನಕ್ಕ.

ಹಣಮವ್ವ ಎಲ್ಲರ ನಗು ಮುಗಿಯುವ ತನಕ ಕಾದಳು. ಬಳಿಕ ಮೂಲೆಯಲ್ಲಿ ಸಿಬ್ಬಂದಿಗೆಂದು ಕುಡಿಯುವ ನೀರು ತುಂಬಿಟ್ಟಿದ್ದ ದೊಡ್ಡ ಮಣ್ಣಿನ ರಂಜಣಗಿಯ ಹತ್ತಿರ ಹೋಗಿ ಕೊಡ ತುಂಬಿಕೊಂಡಳು. ಧರ್ಮಣ್ಣ "ಬ್ಯಾಡ ಬೇ" ಎಂದು ಅಡ್ಡ ಹೋದ. ಜಗದೇವಪ್ಪನವರು ಅವನನ್ನು ತಡೆದರು.

"ಇರಲಿ ಬಿಡೋ. ದೂರುದಾರಳ ಕೊಡ ತುಂಬ್ತು, ನಾವೆಲ್ಲ ನೋಡೇವಿ. ಬೋರಿಂಗ್ ಚಾಲೂ ಅದ ಅಂತ ಷರಾ ಬರೀರಿ."

ಷರಾ ಬಿದ್ದ ಮೇಲೆ ಓಣಿಯ ಉಳಿದ ಹೆಂಗಸರೂ ಕೊಡ ಹಿಡಿದು ಬಂದರು. ಬರಬೇಡಿ ಎಂದರೆ ಬೋರಿಂಗ್ ಬಂದ್ ಆಗಿದೆ ಎಂದು ಒಪ್ಪಿದಂತಾಗುತ್ತದೆ. ಆದ್ದರಿಂದ ರಂಜಣಗಿಗೆ ಓಣಿಯ ಬೋರಿಂಗ್ ಎಂದು ಹೆಸರು ಬರೆಸಿದರು. ಅದನ್ನು ತುಂಬಲು ಟ್ಯಾಂಕರ್ ಮಂಜೂರಾಯಿತು. ಟ್ಯಾಂಕರ್ ಜಗದೇವಪ್ಪನವರ ಭಾವಮೈದುನನದು, ಅದು ಬೇರೆ ಮಾತು. ನೀರು ಒಯ್ಯುವವರು ಕೊಡವನ್ನು ಮೊದಲು ಚಂದ್ರಾಮಪ್ಪನ ಮೇಜಿನ ಮೇಲಿಡಬೇಕು, ಅವನು ನಗಬೇಕು, ಆಮೇಲೆ ಬೋರಿಂಗ್ ಚಾಲೂ ಇದೆ ಎಂದು ಹೆಬ್ಬೆಟ್ಟು ಒತ್ತಿ ತುಂಬಿಕೊಳ್ಳಬೇಕು. ಪದ್ಧತಿ ಎಲ್ಲರಿಗೂ ರೂಢಿಯಾಯಿತು. ಹೆಂಗಸರು ಅವನ ನಗು ತಡವಾದರೆ, "ಲಗೂನ ನಗ್ರಿ, ಒಲಿ ಮ್ಯಾಲ ಬ್ಯಾಳಿ ಇಟ್ಟ ಬಂದೇವಿ" ಎನ್ನುತ್ತಿದ್ದರು.

ಮದುವೆಯಾಯಿತು. ಶಿವಕಾಂತಾ ಆಳಂದಕ್ಕೆ ಬಂದಳು. ಮೊದಲ ದಿನ ಓಣಿಯ ಬೋರಿಂಗಿನ ಹಿಡಿಕೆ ಹೊಡೆದು ನೋಡಿದಳು. ಪಕ್ಕದಲ್ಲಿ ನಿಂತಿದ್ದ ಹಣಮವ್ವ, "ಅದಲ್ಲ ಮಗಾ, ಬೋರಿಂಗ್ ಅಲ್ಲಿ ಅದ" ಎಂದು ಕಚೇರಿಯ ದಾರಿ ತೋರಿಸಿದಳು.

ಚಂದ್ರಾಮಪ್ಪ ತಲೆ ಎತ್ತಿದಾಗ ಎದುರಿಗೆ ತನ್ನ ಹೆಂಡತಿ. ತವರಿನಿಂದ ತಂದ ಹೊಸ ತಾಮ್ರದ ಕೊಡ, ಕೈಯಲ್ಲಿ ಇನ್ನೂ ಮದುವೆಯ ಹಸಿರು ಬಳೆ. ಅವಳು ಸುತ್ತ ನೋಡಿ, ಮುಂದಿನವರು ಮಾಡಿದಂತೆ ಕೊಡವನ್ನು ಅವನ ಮೇಜಿನ ಮೇಲಿಟ್ಟಳು. ಜಗದೇವಪ್ಪನವರು ಮುಖದ ಮೇಲಿನ ಪೇಪರು ಸರಿಸಿ ನೋಡಿದರು. ಕಚೇರಿ ಕಾಯುತ್ತಿತ್ತು.

ಚಂದ್ರಾಮಪ್ಪ ನಕ್ಕ. ಎಲ್ಲರೂ ನಕ್ಕರು.

"ಯಾಕ ನಗಾಕತ್ತೀರಿ?" ಶಿವಕಾಂತಾ ಮೆಲ್ಲಗೆ ಕೇಳಿದಳು.

"ಇದ ನನ್ನ ನೌಕರಿ. ಖಾಯಂ ಆಗೇದ."

ಮಣ್ಣೂರಿನಲ್ಲಿ ಹೆಣ್ಣು ನೋಡಲು ಬಂದಾಗ ಅವನು ನಕ್ಕಿದ್ದನ್ನು ನೋಡಿಯೇ ಅವಳು ಒಪ್ಪಿದ್ದಳು. ಆ ನಗು ಇದಲ್ಲ ಎಂದು ಅವಳಿಗೆ ತಿಳಿಯಿತು. ಹಿಂದೆ ಸಾಲು ಉದ್ದವಿತ್ತು. ಏಳನೆಯ ಇಯತ್ತೆ ಓದಿದವಳಾದ್ದರಿಂದ ಹೆಬ್ಬೆಟ್ಟು ಒತ್ತದೆ, ಬೋರಿಂಗ್ ಚಾಲೂ ಇದೆ ಎಂಬುದರ ಕೆಳಗೆ ದುಂಡಗೆ ಸಹಿ ಮಾಡಿ, ಕೊಡ ತುಂಬಿಕೊಂಡು ಮನೆಗೆ ಹೋದಳು.