ಮುತ್ಯಾನ ಅಂಗೈ ಮತ್ತು ನನ್ನ ಗಂಟುಗಳು

ಲಿಂಗಪೂಜೆಗೆ ಕೂತಾಗ ನಮ್ಮ ಮುತ್ಯಾನ, ಎಂದರೆ ಅಜ್ಜನ, ಎಡಗೈ ನಡುಗುತ್ತದೆ, ಅದು ಲಿಂಗದ ಶಕ್ತಿ ಅಂಗೈಗೆ ಇಳಿಯುವ ಗುರುತು ಎಂದು ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲ್ಲೂಕುಗಳಲ್ಲಿ ಹರಡಿಕೊಂಡಿರುವ ನಮ್ಮ ಬಳಗ ಹೇಳುತ್ತದೆ. ನಾನು ಇದನ್ನು ಒಪ್ಪುವುದಿಲ್ಲ. ಒಪ್ಪದಿರಲು ನನಗೆ ದೊಡ್ಡ ಕಾರಣವೇನೂ ಬೇಕಾಗುವುದಿಲ್ಲ ಎಂಬುದು ಬೇರೆ ಮಾತು. ಕಾಲೇಜಿನಲ್ಲಿದ್ದಾಗ ಚರ್ಚಾಸ್ಪರ್ಧೆಗಳಲ್ಲಿ ಬೆಳಿಗ್ಗೆ ಪರ, ಮಧ್ಯಾಹ್ನ ವಿರೋಧ ಮಾತಾಡಿ ಎರಡರಲ್ಲೂ ಗೆದ್ದು ಬಂದವಳು ನಾನು. ಹಾಗೆ ಗೆದ್ದ ಮರದ ಫಲಕವೊಂದು ಈಗಲೂ ನಮ್ಮ ಅಡುಗೆಮನೆಯಲ್ಲಿ ಹಾಲಿನ ಪಾತ್ರೆಗೆ ಮುಚ್ಚಳವಾಗಿ ಸೇವೆ ಸಲ್ಲಿಸುತ್ತಿದೆ. ಬೆಕ್ಕಿನ ವಿರುದ್ಧ ಅದು ಇನ್ನೂ ಸೋತಿಲ್ಲ. ಆದರೆ ಮುತ್ಯಾನ ಕೈಯ ವಿಷಯದಲ್ಲಿ ಒಪ್ಪದಿರಲು ನಿಜವಾಗಿಯೂ ಕಾರಣವಿದೆ. ಆ ನಡುಕವೇ ನನ್ನ ಕಸುಬು.

ಕಲಬುರಗಿಯ ಒಂದು ಪ್ರಯೋಗಾಲಯದಲ್ಲಿ ನಾನು ಸಂಶೋಧನೆ ಮಾಡುತ್ತೇನೆ. ನಮ್ಮೆಲ್ಲರ ಮಿದುಳಿನಲ್ಲಿ ಆಲ್ಫಾ ಸೈನ್ಯೂಕ್ಲಿನ್ ಎಂಬ ಪ್ರೋಟೀನು ಇರುತ್ತದೆ. ಅದು ಯಾಕೋ ಒಮ್ಮೆ ತಪ್ಪಾಗಿ ಮಡಚಿಕೊಳ್ಳುತ್ತದೆ, ಹಾಗೆ ಮಡಚಿಕೊಂಡವೆಲ್ಲ ಒಂದಕ್ಕೊಂದು ಅಂಟಿ ಗಂಟಾಗುತ್ತವೆ, ಗಂಟು ಬೆಳೆದ ಕಡೆ ನರಕೋಶಗಳು ಸಾಯುತ್ತವೆ. ಆಮೇಲೆ ಕೈ ನಡುಗುತ್ತದೆ, ಹೆಜ್ಜೆ ಗಿಡ್ಡವಾಗುತ್ತದೆ, ನಗು ಕೂಡ ಮುಖದ ಮೇಲೆ ಬರಲು ತಡಮಾಡುತ್ತದೆ. ಪಾರ್ಕಿನ್ಸನ್ ಕಾಯಿಲೆ ಎಂದು ಇದರ ಹೆಸರು. ನಾನು ಕಲಬುರಗಿಯಲ್ಲಿ ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿ ಇದನ್ನು ಹುಡುಕುತ್ತಿದ್ದಾಗ, ನಮ್ಮೂರು ಕಿಣ್ಣಿ ಸುಲ್ತಾನದಲ್ಲಿ, ನಮ್ಮದೇ ಮನೆಯ ಪಡಸಾಲೆಯಲ್ಲಿ ಅದು ದಿನಾ ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು ಪೂಜೆಗೆ ಕೂರುತ್ತಿತ್ತು. ನನಗೆ ಗೊತ್ತಾದದ್ದು ಸೋದರತ್ತೆಯ ವಾಟ್ಸಾಪ್ ಸ್ಟೇಟಸ್ಸಿನಿಂದ. ‘ನಮ್ಮ ಅಪ್ಪನ ಕೈಯಾಗ ಲಿಂಗ ಮಾತಾಡ್ತದ’ ಎಂದು ಅಡಿಬರಹ, ಮೇಲೆ ಗುಲಾಬಿ ಹೂವಿನ ಮಳೆ.

ಮರುವಾರವೇ ಮುತ್ಯಾನನ್ನು ಕಲಬುರಗಿಗೆ ಕರೆದುಕೊಂಡು ಹೋಗಿ ನರರೋಗದ ಡಾಕ್ಟರಿಗೆ ತೋರಿಸಿದೆ. ಅವರು ನಡೆಸಿ ನೋಡಿದರು, ಬೆರಳಿಗೆ ಬೆರಳು ತಟ್ಟಿಸಿ ನೋಡಿದರು, ನಾನು ಅಂದುಕೊಂಡದ್ದನ್ನೇ ಹೇಳಿದರು, ಗುಳಿಗೆ ಬರೆದುಕೊಟ್ಟರು. ಮುತ್ಯಾ ಗುಳಿಗೆಗಳನ್ನು ಭಕ್ತಿಯಿಂದ ತಂದು ಗೋಡೆಯ ಗೂಡಿನಲ್ಲಿ, ವಿಭೂತಿ ಗಟ್ಟಿಯ ಪಕ್ಕದಲ್ಲಿ ಇಟ್ಟ. ಅಲ್ಲಿಂದ ಅವು ಕದಲಲಿಲ್ಲ. ಅಂಗಿಯ ಗುಂಡಿ ಹಾಕಲು ಬಾರದೆ ಮುತ್ಯಾ ತಲೆಯ ಮೇಲಿಂದ ತೊಡುವ ಜುಬ್ಬಕ್ಕೆ ಇಳಿದಿದ್ದ. ಹೊಸ್ತಿಲ ಹತ್ತಿರ ತಿರುಗಬೇಕಾದರೆ ಸಣ್ಣ ಸಣ್ಣ ಹೆಜ್ಜೆ ಕಿತ್ತಿಡುತ್ತಿದ್ದ. ಒಮ್ಮೆ ಬಚ್ಚಲಲ್ಲಿ ಬೀಳುತ್ತಾ ಬೀಳುತ್ತಾ ಉಳಿದ. ಆದರೂ ಗುಳಿಗೆ ಬೇಡ. ಆ ಗುಳಿಗೆ ಅವನ ಹೊಟ್ಟೆಗೆ ಹೋಗಬೇಕು, ಅಷ್ಟೇ ನನ್ನ ಬೇಡಿಕೆ. ಇಷ್ಟು ಸಣ್ಣ ಬೇಡಿಕೆಗಾಗಿ ನಾನು ಇಷ್ಟು ದೊಡ್ಡ ವಾದಗಳಲ್ಲಿ ಸೋಲುತ್ತೇನೆ ಎಂದು ಯಾವ ತೀರ್ಪುಗಾರನೂ ನನಗೆ ಹೇಳಿರಲಿಲ್ಲ.

ಎದುರುಪಕ್ಷದ ನಾಯಕಿ ಇಜೇರಿಗೆ ಮದುವೆ ಮಾಡಿಕೊಟ್ಟ ನಮ್ಮ ಸೋದರತ್ತೆ ನೀಲಮ್ಮ. “ಅಲ್ಲ ಬೇ ಗಿರಿಜಾ, ರೋಗ ಅಂದ್ರ ಎಲ್ಲಾ ಹೊತ್ತಿನಾಗೂ ಇರಬೇಕಲ್ಲ? ಚಹಾದ ಬಸಿ ಎತ್ತಿದ್ರ ಒಂದ್ ಹನಿ ಚೆಲ್ಲಂಗಿಲ್ಲ ನಮ್ಮಪ್ಪ. ಲಿಂಗ ಹಿಡದ್ರ ಮಾತ್ರ ನಡಗ್ತದ. ಹೇಳು ನೋಡೂಣು!” ಎಂದು ಸವಾಲು ಹಾಕಿದಳು. ಇದು ಸುಮ್ಮನಿದ್ದಾಗ ನಡುಗುವ ಕಾಯಿಲೆ, ಕೈಯನ್ನು ಕೆಲಸಕ್ಕೆ ಹಚ್ಚಿದರೆ ನಡುಕ ಅಡಗುತ್ತದೆ, ಚಾಚಿ ಒಂದೇ ಕಡೆ ಹಿಡಿದರೆ ಸ್ವಲ್ಪ ಹೊತ್ತಿಗೆ ಮತ್ತೆ ಏಳುತ್ತದೆ ಎಂದು ನಾನು ಬಿಡಿಸಿ ಹೇಳಿದೆ. ನೀಲಮ್ಮತ್ತಿ ಕೆನ್ನೆಗೆ ಕೈ ಹಚ್ಚಿಕೊಂಡು ಕೇಳಿ, “ಚಹಾ ಕಂಡ್ರ ಸುಮ್ಮಕಾಗ್ತದ, ಲಿಂಗ ಕಂಡ್ರ ನಡಗ್ತದ. ಇಷ್ಟ್ ಶ್ಯಾಣ್ಯಾ ರೋಗ ಎಲ್ಲಿಂದ ತಂದಿ ಬೇ?” ಎಂದಳು. ಸತ್ಯ ನನ್ನ ಕಡೆಗಿತ್ತು, ಸಾಕ್ಷಿಯೆಲ್ಲ ಅವಳ ಕಡೆಗಿತ್ತು.

ಮೂರನೆಯ ಪಕ್ಷ ನಮ್ಮ ಆಯಿಯದು, ಎಂದರೆ ಮುತ್ಯಾನ ಹೆಂಡತಿಯದು. ಹೆಬ್ಬೆರಳು ತೋರುಬೆರಳು ಒಂದಕ್ಕೊಂದು ತಿಕ್ಕಿಕೊಳ್ಳುವ ಆ ಚಲನೆಯನ್ನು ನೋಡಿ ಆಕೆ ಆಗಲೇ ತೀರ್ಪು ಕೊಟ್ಟಿದ್ದಳು: “ಲಿಂಗನೂ ಅಲ್ಲ, ರೋಗನೂ ಅಲ್ಲ. ತಂಬಾಕ ತಿಕ್ಕೋ ಚಟ ಅದು. ಬಾಯಿ ಬಿಟ್ಟದ, ಬೆರಳ ಬಿಟ್ಟಿಲ್ಲ.” ಮುತ್ಯಾನ ಜುಬ್ಬದ ಕಿಸೆಯನ್ನು ಆಕೆ ಈಗಲೂ ಆಗಾಗ ಮೂಸಿ ನೋಡುತ್ತಾಳೆ.

ಈ ಎರಡು ಪಕ್ಷಗಳಿಗೂ ಪ್ರೋಟೀನಿನ ಕತೆ ತಿಳಿಸಬೇಕಲ್ಲ! ಮುತ್ಯಾನ ರುಮಾಲನ್ನೇ ಎತ್ತಿಕೊಂಡೆ. ಪ್ರೋಟೀನು ಎಂದರೆ ಇಂಥದೊಂದು ಉದ್ದನೆಯ ಬಟ್ಟೆ, ಸರಿಯಾಗಿ ಸುತ್ತಿದರೆ ತಲೆಯ ಮೇಲೆ ಕೂರುತ್ತದೆ, ತಪ್ಪಾಗಿ ಸುತ್ತಿದರೆ ಬರೀ ಗಂಟು. ತಮಾಷೆಯೆಂದರೆ ಹೀಗೆ ಕೆಟ್ಟ ಒಂದು ರುಮಾಲು ಪಕ್ಕದ ಒಳ್ಳೆಯ ರುಮಾಲುಗಳನ್ನೂ ತನ್ನ ಹಾಗೆಯೇ ಕೆಡಿಸುತ್ತಾ ಹೋಗುತ್ತದೆ ಎಂದೆ. “ಹಾಂ, ಸಹವಾಸ ದೋಷ ಅನ್ನು,” ಎಂದಳು ನೀಲಮ್ಮತ್ತಿ. ನಮ್ಮ ಕ್ಷೇತ್ರದವರು ಪುಟಗಟ್ಟಲೆ ಬರೆಯುವುದನ್ನು ಎರಡು ಪದಗಳಲ್ಲಿ ಮುಗಿಸಿದ್ದಕ್ಕೆ ಸಂತೋಷಪಡಬೇಕೋ, ಅದೇ ಉಸಿರಿನಲ್ಲಿ ಅವಳು ಮುತ್ಯಾನ ಜೊತೆ ಕಟ್ಟೆಗೆ ಕೂರುವ ಗೆಳೆಯರನ್ನೆಲ್ಲ ಬೈಯಲು ಶುರುಮಾಡಿದ್ದಕ್ಕೆ ಅಳಬೇಕೋ ತಿಳಿಯಲಿಲ್ಲ. ಆಯಿ ಮಾತ್ರ ಗಂಭೀರವಾಗಿ, “ಪ್ರೋಟೀನು ಅಂದ್ರ ಬ್ಯಾಳ್ಯಾಗ ಇರ್ತದಲ್ಲ, ಅದೇ ಏನು?” ಎಂದು ಕೇಳಿದಳು. ನಾನು ಅವಸರದಲ್ಲಿ ‘ಹೂಂ, ಆದ್ರ...’ ಎಂದೆ. ‘ಆದ್ರ’ದ ಮುಂದಿನದು ಯಾರ ಕಿವಿಗೂ ಬೀಳಲಿಲ್ಲ. ಅಂದಿನಿಂದ ಮುತ್ಯಾನ ತಾಟಿನಲ್ಲಿ ಬೇಳೆ ಬಂದ್! ತೊಗರಿಯ ಸೀಮೆಯಲ್ಲಿ ಹುಟ್ಟಿ, ತೊಗರಿ ಬೆಳೆದು, ತೊಗರಿ ತಿಂದು ಬಾಳಿದ ಮನುಷ್ಯ ರೊಟ್ಟಿಯನ್ನು ಬರೀ ಪುಂಡಿಪಲ್ಯದಲ್ಲಿ ಹಚ್ಚಿಕೊಳ್ಳುತ್ತಾ ನನ್ನನ್ನು ನೋಡುತ್ತಿದ್ದ ನೋಟವನ್ನು ನಾನು ಮರೆಯಲಾರೆ. ಗಾಬರಿಯಾಗಿ ಡಾಕ್ಟರಿಗೆ ಫೋನು ಮಾಡಿದರೆ ಅವರು, ಬೇಳೆ ಬಿಡಬೇಕಿಲ್ಲ, ಆದರೆ ಗುಳಿಗೆಯನ್ನು ಬೇಳೆ ಊಟದ ಜೊತೆಗೆ ಕೊಡಬೇಡಿ, ಸರಿಯಾಗಿ ಒಳಗೆ ಹಿಡಿಯುವುದಿಲ್ಲ ಎಂದರು. ಫೋನು ಸ್ಪೀಕರಿನಲ್ಲಿತ್ತು. ಆಯಿ “ನಾ ಏನ್ ಹೇಳಿದ್ದೆ?” ಎಂದು ಸೆರಗು ಝಾಡಿಸಿ ಎದ್ದುಹೋದಳು.

ಅಡುಗೆಮನೆಯಲ್ಲಿ ನನಗಾದ ಸೋಲು ಇನ್ನೂ ದೊಡ್ಡದು. ಆಯಿ ಝುಣಕ ಮಾಡುತ್ತಿದ್ದಳು. ಕುದಿಯುವ ನೀರಿಗೆ ಕಡಲೆಹಿಟ್ಟು ಉದುರಿಸುತ್ತಾ ಒಂದೇ ಸಮನೆ ತಿರುವುತ್ತಿದ್ದವಳು, “ನಿಮ್ಮಲ್ಲಿ ಈ ಗಂಟು ನೋಡೋದು ಹ್ಯಾಂಗ?” ಎಂದು ಕೇಳಿದಳು. ನಾವೇ ಮಾಡುತ್ತೇವೆ, ಪ್ರೋಟೀನಿನ ನೀರನ್ನು ಸಣ್ಣ ಕೊಳವೆಗಳಲ್ಲಿ ತುಂಬಿ, ಮೈ ಬೆಚ್ಚಗಿರುವಷ್ಟು ಬೆಚ್ಚಗಿಟ್ಟು, ಒಂದು ಮಷೀನಿನಲ್ಲಿ ದಿನಗಟ್ಟಲೆ ಅಲ್ಲಾಡಿಸುತ್ತೇವೆ, ಆಗ ಗಂಟಾಗುತ್ತದೆ ಎಂದೆ. ಆಯಿಯ ಕೈ ನಿಂತಿತು. “ಅಲ್ಲಾಡಿಸಿದ್ರ ಗಂಟು ಒಡೀತಾವ ಬೇ, ಆಗ್ತಾವೇನು? ನಿಮಗ ಅಡಗಿ ಯಾರ ಕಲಿಸ್ಯಾರ?” ನಾನು ಉತ್ತರ ಹುಡುಕುವುದರೊಳಗೆ ಒಲೆಯ ಮೇಲಿನ ಝುಣಕ ಗಂಟುಗಂಟಾಯಿತು, ಅದೂ ನನ್ನ ಲೆಕ್ಕಕ್ಕೇ ಬಂತು. “ಅಲ್ಲಿ ಅಲ್ಲಾಡಿಸಿ ಗಂಟು ಮಾಡ್ತೀರಿ. ಇಲ್ಲಿ ಗಂಟಾಗಿ ಕೈ ಅಲ್ಲಾಡ್ತದ ಅಂತೀರಿ. ಯಾವುದು ಮೊದಲ?” ಎಂದು ಮುತ್ಯಾ ಪಡಸಾಲೆಯಿಂದಲೇ ಕೂಗಿದ. ನಿಜ ಹೇಳಬೇಕೆಂದರೆ ನಮ್ಮವರಲ್ಲೂ ಈ ಜಗಳ ಮುಗಿದಿಲ್ಲ. ಗಂಟೇ ಕೋಶವನ್ನು ಕೊಲ್ಲುತ್ತದೋ, ಕೋಶ ತನ್ನ ಜೀವ ಉಳಿಸಿಕೊಳ್ಳಲು ಕಸವನ್ನೆಲ್ಲ ಗಂಟು ಕಟ್ಟಿ ಮೂಲೆಗೆ ಇಡುತ್ತದೋ ಎಂದು ದೊಡ್ಡ ದೊಡ್ಡವರು ಇನ್ನೂ ಕಿತ್ತಾಡುತ್ತಿದ್ದಾರೆ. ಇಷ್ಟು ವರ್ಷಗಳಲ್ಲಿ ನಾನು ಕಲಿತದ್ದು ಗಂಟು ಕಟ್ಟುವುದನ್ನು ಮಾತ್ರ.

ಕೊನೆಗೆ ಪ್ರಯೋಗವೇ ಗತಿ ಎಂದುಕೊಂಡೆ. ಒಂದು ಭಾನುವಾರ ಅಫಜಲಪುರದ ಬೀಗರು ಮುತ್ಯಾನ ದರ್ಶನಕ್ಕೆ ಬಂದಿದ್ದರು. ನಮ್ಮ ಕಡೆ ಅಜ್ಜನಿಗೂ ಮುತ್ಯಾ ಎನ್ನುತ್ತಾರೆ, ಮಹಾತ್ಮರಿಗೂ ಮುತ್ಯಾ ಎನ್ನುತ್ತಾರೆ. ಅವರು ಯಾವ ಅರ್ಥದಲ್ಲಿ ಬಂದಿದ್ದಾರೆ ಎಂಬುದು ಅವರು ತಂದ ಬಾಳೆಹಣ್ಣಿನ ಗೊನೆಯಿಂದಲೇ ತಿಳಿಯುತ್ತಿತ್ತು. ಪೂಜೆ ಮುಗಿದು ಲಿಂಗ ಪುಟ್ಟ ಡಬ್ಬಿಯಂಥ ಕರಡಿಗೆಯೊಳಗೆ ಸೇರಿ ಕೊರಳಿಗೆ ಹೋದ ಮೇಲೆ ನಾನು ಎದ್ದು ನಿಂತು, “ಮುತ್ಯಾ, ಈಗ ಖಾಲಿ ಕೈ ಹಂಗೇ ಚಾಚು,” ಎಂದೆ. ಮುತ್ಯಾ ಚಾಚಿದ. ಒಂದೆರಡು ಉಸಿರು ಸುಮ್ಮನಿದ್ದ ಖಾಲಿ ಅಂಗೈ, ನಾನು ಓದಿದ ಪುಸ್ತಕದಲ್ಲಿರುವಂತೆಯೇ ನಡುಗಲು ಶುರುಮಾಡಿತು. ನಾನು ಸಭೆಯ ಕಡೆ ತಿರುಗಿ, “ನೋಡ್ರಿ, ಲಿಂಗ ಇಲ್ಲದಾಗೂ ನಡಗಾಕತ್ತದ!” ಎಂದು ಗೆದ್ದ ದನಿಯಲ್ಲಿ ಹೇಳಿದೆ. ಪಡಸಾಲೆಯೆಲ್ಲ ಮುಂದೆ ಬಾಗಿ ಅಂಗೈ ನೋಡಿತು. ಆಮೇಲೆ ಬೀಗರಲ್ಲಿ ಹಿರಿಯರೊಬ್ಬರು ಎರಡೂ ಕಣ್ಣಿಗೆ ಕೈ ಒತ್ತಿಕೊಂಡು, “ಶರಣ್ರಿ ಮುತ್ಯಾ! ಲಿಂಗ ಕೊರಳಿಗಿ ಹೋದ್ರೂ ಶಕ್ತಿ ಕೈ ಬಿಟ್ಟಿಲ್ಲ ನೋಡ್ರಿ,” ಎಂದರು. ನೀಲಮ್ಮತ್ತಿಯ ಮೊಬೈಲು ಆಗಲೇ ಮೇಲೆದ್ದಿತ್ತು. ಮುಂದಿನ ವಾರ ಸರಸಂಬಾದಿಂದ ಒಂದು ಟಂಟಂ ಆಟೊ ತುಂಬ ಜನ ಬಂದರು. ಅವರಿಗೆ ಖಾಲಿ ಕೈಯ ಪವಾಡವೇ ಬೇಕಾಗಿತ್ತು.

ಅವರೆಲ್ಲ ಹೋದ ಮೇಲೆ ನಾನು ಮುತ್ಯಾನ ಪಕ್ಕದಲ್ಲಿ ಕೂತು, “ನೀನೂ ಇದನ್ನ ನಂಬ್ತಿ ಏನು?” ಎಂದು ಕೇಳಿದೆ.

“ನಾ ಏನ್ ಹುಚ್ಚ ಅದೀನೇನು?” ಎಂದ ಮುತ್ಯಾ. “ಕೈ ನನ್ನ ಮಾತ ಕೇಳವಲ್ದು ಅಂತ ನನಗ ಗೊತ್ತಿಲ್ಲೇನು? ರೋಗ ಅಂತ ತಿಳದ್ರ ಇವರೇ ಬಂದು ‘ಪಾಪ ಮುತ್ಯಾ, ಎಷ್ಟ್ ಗಟ್ಟಿ ಇದ್ದ’ ಅಂತ ಬಾಗಲದಾಗ ಕಣ್ಣ ಒರಸಿಕೊಂಡು ಹೋಗ್ತಾರ. ಈಗ ನೋಡು, ಕಾಲ ಮುಟ್ಟಿ, ಹಣ್ಣ ಇಟ್ಟು, ನಕ್ಕೋತ ಹೋಗ್ತಾರ. ನಿನ್ನ ಮಾತ ಖರೇನೇ ಇರಬೌದು ಬೇ. ಅದರಾಗ ಬಾಳಿಹಣ್ಣ ಎಲ್ಲಿ ಅವ?”

ಚರ್ಚಾಪಟುಗಳಿಗೆ ಇಂಥ ಹೊತ್ತಿನಲ್ಲಿ ಉಳಿಯುವುದು ಒಂದೇ ವಿದ್ಯೆ, ಪಕ್ಷ ಬದಲಿಸುವುದು. “ಗುಳಿಗಿ ತೊಗೊ ಮುತ್ಯಾ. ರೋಗ ಅಂತ ನಾ ಯಾರ ಮುಂದೂ ಬಾಯಿ ಬಿಡಂಗಿಲ್ಲ,” ಎಂದೆ.

“ಕೈ ನಿಂತ್ರ ಬಂದವರಿಗಿ ಏನ್ ಹೇಳ್ತಿ?”

“ಶಕ್ತಿ ಪೂರಾ ಒಳಗ ಇಳೀತು ಅಂತೇನಿ.”

“ನೀ ಅಂತಿ?”

“ನಾನೇ.”

ನಗು ಅವನ ಮುಖದ ಮೇಲೆ ಬರಲು ಸ್ವಲ್ಪ ಹೊತ್ತು ಹಿಡಿಯಿತು. ಆದರೆ ಬಂತು.

ಗುಳಿಗೆ ಗೂಡಿನಿಂದ ಕೆಳಗಿಳಿಯಿತು. ಹೋಗುತ್ತಾ ಹೋಗುತ್ತಾ ಹೆಜ್ಜೆಗಳು ಉದ್ದವಾದವು, ಗುಂಡಿಯ ಅಂಗಿ ಪೆಟ್ಟಿಗೆಯಿಂದ ಹೊರಬಂತು, ಅಂಗೈ ಬಹಳಮಟ್ಟಿಗೆ ಸುಮ್ಮನಾಯಿತು. ಆಯಿ ತಂಬಾಕಿನ ಚಟ ಕೊನೆಗೂ ಬಿಟ್ಟಿತೆಂದು ಸಮಾಧಾನಪಟ್ಟಳು. ನೀಲಮ್ಮತ್ತಿ ಇಜೇರಿಯಿಂದ ಬಂದವಳು ಅಲುಗದ ಕೈಯನ್ನು ನೋಡಿ ಮುಖ ಸಪ್ಪಗೆ ಮಾಡಿಕೊಂಡು, “ಶಕ್ತಿ ಎಲ್ಲಿ ಹೋತು ಬೇ?” ಎಂದಳು. ಮುತ್ಯಾ ನನ್ನ ಕಡೆ ನೋಡಿದ. ನಾನು ಗಂಟಲು ಸರಿಮಾಡಿಕೊಂಡು ಶುರುಮಾಡಿದೆ. ಕೊಡ ತುಂಬುವ ತನಕ ಸದ್ದು, ತುಂಬಿದ ಮೇಲೆ ಎಲ್ಲಿಯ ಸದ್ದು ಎಂದೆ. ನಡುಗುವ ಭಕ್ತಿಗಿಂತ ನಿಂತ ಭಕ್ತಿ ದೊಡ್ಡದು ಎಂದೆ. ಇನ್ನೂ ಏನೇನೋ ಎಂದೆ. ಕಾಲೇಜಿನಲ್ಲಿ ಕೂಡ ನಾನು ಅಷ್ಟು ಚೆನ್ನಾಗಿ ಮಾತಾಡಿರಲಿಲ್ಲ. ನೀಲಮ್ಮತ್ತಿಯ ಕಣ್ಣಲ್ಲಿ ನೀರು, ಕೈಯಲ್ಲಿ ಮೊಬೈಲು. ಆ ಸ್ಟೇಟಸ್ಸು ನನ್ನ ಗೈಡ್ ಸರ್ ಕಣ್ಣಿಗೆ ಬೀಳದಿರಲಿ ಎಂದು ನಾನು, ಯಾರಿಗೆ ಎಂದು ಗೊತ್ತಿಲ್ಲದೆಯೇ, ಮನಸ್ಸಿನಲ್ಲಿ ಬೇಡಿಕೊಂಡೆ.

ಸಂಜೆ ಕಲಬುರಗಿಗೆ ಹೊರಟವಳನ್ನು ಬಸ್ಸಿನ ತನಕ ಬಿಡಲು ಮುತ್ಯಾ ತಾನೇ ನಡೆದು ಬಂದ. ಅಂಗಿಯ ಗುಂಡಿಗಳೆಲ್ಲ ಬರೋಬ್ಬರಿ ಬಿದ್ದಿದ್ದವು. ನನ್ನ ಚೀಲವನ್ನು ಎಡಗೈಯಿಂದಲೇ ಎತ್ತಿ ಕೊಟ್ಟು, ಕೈಯನ್ನು ಒಮ್ಮೆ ತಿರುವಿ ನೋಡಿಕೊಂಡು ಹೇಳಿದ:

“ಗಿರಿಜವ್ವ, ಅವತ್ತ ಡಾಕ್ಟರ ನಿನ್ನ ಮುಂದ ಮೆಲ್ಲಕ ಹೇಳಿದ್ದು ನನಗ ಕೇಳಿಸಿತ್ತು. ಗುಳಿಗಿ ಕೈ ಅಷ್ಟೇ ನಿಲ್ಲಸ್ತದ, ಒಳಗಿನ ಗಂಟು ಒಳಗೇ ಇರ್ತಾವಂತ. ಕಟ್ಟೋದು ಅಂತೂ ಛಲೋ ಕಲತಿ. ಬಿಚ್ಚೋದು ಯಾವಾಗ ಕಲೀತಿ ಬೇ?”