ಕ್ವಾರ್ಕಿನ ರಸಂ

ಮೇಷ್ಟ್ರುಗಳ ಬಾಯಲ್ಲಿ ‘ಗೊತ್ತಿಲ್ಲ’ ಎಂಬ ಮಾತು ಸುಲಭಕ್ಕೆ ಬರುವುದಿಲ್ಲ. ಬೇರೆಯವರ ವಿಷಯ ಯಾಕೆ, ನನ್ನದೇ ಹೇಳಿಬಿಡುತ್ತೇನೆ. ತಮಿಳುನಾಡಿನ ಗಡಿಯ ಹೊಸೂರಿನ ಶಾಲೆಯೊಂದರಲ್ಲಿ ಕನ್ನಡ ಮಾಧ್ಯಮದ ಮಕ್ಕಳಿಗೆ ವಿಜ್ಞಾನ ಹೇಳಿಕೊಡುತ್ತಿದ್ದೆ. ವಿಜ್ಞಾನ ಪ್ರದರ್ಶನದಲ್ಲಿ ತಮಿಳು ವಿಭಾಗದವರನ್ನು ಒಮ್ಮೆಯಾದರೂ ಮೀರಿಸಬೇಕೆಂಬ ಹಟಕ್ಕೆ ಬಿದ್ದು, ಆ ವರ್ಷ ಕ್ವಾರ್ಕಿಗೇ ಕೈ ಹಾಕಿದೆ. ಪ್ರೋಟಾನಿನೊಳಗೆ ಕ್ವಾರ್ಕ್‌ಗಳಿವೆ, ಅವನ್ನು ಗ್ಲುಆನ್‌ಗಳು ಗೋಂದಿನ ಹಾಗೆ ಹಿಡಿದಿಟ್ಟಿವೆ, ನ್ಯೂಕ್ಲಿಯಸ್ಸುಗಳನ್ನು ಜೋರಾಗಿ ಡಿಕ್ಕಿ ಹೊಡೆಸಿದರೆ ಆ ಕಾವಿಗೆ ಎಲ್ಲ ಬಿಡಿಸಿಕೊಂಡು ಪ್ಲಾಸ್ಮಾ ಆಗುತ್ತದೆ, ಅದನ್ನು ವಿದೇಶದಲ್ಲಿ ಹುಡುಕುತ್ತಿದ್ದಾರೆ ಅಂತ ಇಂಗ್ಲಿಷ್ ಪೇಪರಿನಲ್ಲಿ ಓದಿದ್ದೆ. ನನ್ನ ಬಂಡವಾಳ ಅಷ್ಟೇ. ಚಾರ್ಟಿಗೆ ಕನ್ನಡ ಪದವೇ ಇರಲಿ ಅಂತ ನಿಘಂಟು ತೆಗೆದರೆ, ಪ್ಲಾಸ್ಮಾ ಎಂದರೆ ‘ರಕ್ತರಸ’ ಅಂತಿತ್ತು. ಕ್ವಾರ್ಕಿಗೆಲ್ಲಿಯ ರಕ್ತ? ಅರ್ಧ ಕತ್ತರಿಸಿ ಹಾಕಿ ‘ಕ್ವಾರ್ಕ್ ರಸ’ ಎಂದು ದಪ್ಪಕ್ಷರದಲ್ಲಿ ಬರೆಸಿದೆ. ಮಕ್ಕಳು ಹುರುಪಿನಿಂದ ಕೆಳಗೆ ಕೊತಕೊತ ಕುದಿಯುವ ಕೆಂಪು ದ್ರವವನ್ನೂ ಬಿಡಿಸಿದರು.

ತಮಿಳು ವಿಭಾಗದ ಭೌತಶಾಸ್ತ್ರದ ಮೇಷ್ಟ್ರು ಷಣ್ಮುಗಂ ಬಂದು, ಕನ್ನಡಕ ಏರಿಸಿ ನೋಡಿದರು. “ಅದು ಗ್ಯಾಸ್ ಥರ ಇರತ್ತೆ ಸಾರ್. ನೀವು ರಸಂ ಮಾಡಿಟ್ಟಿದೀರಲ್ಲ, ಪುಳಿ ಎಷ್ಟು ಹಾಕಿದ್ರಿ?” ಅಂದರು. ಸುತ್ತಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ಹೆಡ್‌ಮಾಸ್ಟರು ಚಾರ್ಟು ತೆಗೆಸಿದರು. ಅವತ್ತಿನಿಂದ ನಾನು ರಸಂ ಸಾರ್. “ಬಾಗಲೂರು ಬಸ್ಸಲ್ಲಿ ನನ್ನೂ ರಸಂ ಮೇಡಂ ಅಂದ್ರು ಕಣ್ರೀ, ಅದೇನ್ ಮಾಡ್ಕೊಂಡ್ ಬಂದ್ರಿ ನೀವು?” ಅಂತ ನನ್ನ ಹೆಂಡತಿ ಎರಡು ದಿನ ಮುಖ ಊದಿಸಿಕೊಂಡಿದ್ದಳು. ನನ್ನ ಮಾನ ಹೋದರೆ ಹೋಗಲಿ, ಆ ಮಕ್ಕಳು ತಲೆ ತಗ್ಗಿಸಿಕೊಂಡು ಚಾರ್ಟು ಸುತ್ತಿದ್ದನ್ನು ಮರೆಯಲಾಗಲಿಲ್ಲ.

ಕೆಲವು ತಿಂಗಳಾದ ಮೇಲೆ ಅದೇ ಪೇಪರಿನಲ್ಲಿ ಸುದ್ದಿ ಬಂತು: ಗ್ಯಾಸಿನಂತಿರುತ್ತದೆ ಅಂದುಕೊಂಡಿದ್ದ ಕ್ವಾರ್ಕ್ ಪ್ಲಾಸ್ಮಾ ದ್ರವದಂತೆ ಹರಿಯಿತಂತೆ, ಅದೂ ನೀರಿಗಿಂತ ಸರಾಗವಾಗಿ. ಮೂರು ಸಲ ಓದಿದೆ. ಸ್ನಾನ ಕೂಡ ಮಾಡದೆ ಶಾಲೆಗೆ ಓಡಿ, ಸ್ಟಾಫ್ ರೂಮಿನಲ್ಲಿ ಷಣ್ಮುಗಂ ಅವರ ಮುಂದೆ ಪೇಪರು ಹರಡಿದೆ. ಅವರು ನಿಧಾನವಾಗಿ ಓದಿ ಕನ್ನಡಕ ತೆಗೆದಿಟ್ಟರು. “ದ್ರವಂ ತಾನ್ ಸಾರ್. ನಂದೇ ತಪ್ಪು” ಅಂದರು. ದೊಡ್ಡ ಮನುಷ್ಯ, ಸುಳ್ಳು ಹೇಳಬಾರದು. ಚಾರ್ಟನ್ನು ಹುಡುಕಿಸಿ ತಂದು, ತಾವೇ ಸ್ಟೂಲು ಹತ್ತಿ ಶಾಲೆಯ ಬಾಗಿಲಲ್ಲೇ ಮೊಳೆ ಹೊಡೆದರು. ನಮ್ಮ ಮಕ್ಕಳು ಅದರ ಕೆಳಗೆ ಎದೆಯುಬ್ಬಿಸಿ ನಿಂತರು. ನನಗೆ ಕಣ್ಣು ತುಂಬಿ ಬಂತು.

“ವಿಜ್ಞಾನಿಗಳಿಗಿಂತ ಮುಂಚೇನೇ ನಿಮ್ಗೆ ಹೆಂಗೆ ಗೊತ್ತಾಯ್ತು ಸಾರ್?” ಅಂತ ಒಬ್ಬ ಹುಡುಗಿ ಕೇಳಿದಳು. ನಿಜ ಹೇಳೋಣ ಅಂತಲೇ ಬಾಯಿ ತೆರೆದೆ. “ಯೋಚ್ನೆ ಮಾಡ್ಬೇಕಮ್ಮಾ” ಅಂತ ಬಂತು. ಸ್ಟೂಲಿನಿಂದ ಇಳಿದ ಷಣ್ಮುಗಂ ನನ್ನ ಕೈ ಹಿಡಿದುಕೊಂಡು, “ನಂಗೂ ಸ್ವಲ್ಪ ಬಿಡಿಸಿ ಹೇಳ್ಬೇಕು ಸಾರ್, ಭಾನುವಾರ ನಿಮ್ಮನೆಗೆ ಬತ್ತೀನಿ” ಅಂದರು. ಗೆದ್ದ ಗತ್ತಿನಲ್ಲಿ “ಧಾರಾಳವಾಗಿ ಬನ್ನಿ” ಅಂದುಬಿಟ್ಟೆ. ಶನಿವಾರ ಹೊಟ್ಟೆನೋವು ಅಂತ ರಜೆ ಹಾಕಿ, ಕ್ವಾರ್ಕ್ ಅಂದರೆ ಏನು ಅಂತ ಮೊದಲ ಸಲ ಓದಲು ಕೂತೆ.