ಸ್ವಲ್ಪ ಎಳೆಯುತ್ತೆ

ಎಡಗೈಯಲ್ಲಿ ರೋಮ ಬೆಳೆದಿರಲಿಲ್ಲ. ಬಲಗೈಯಲ್ಲೂ ಅಷ್ಟೆ. ಕ್ಷೌರಿಕ ಬೆಳಿಗ್ಗೆ ಎದ್ದವನೇ ಎರಡೂ ಮುಂಗೈಗಳನ್ನು ಕಿಟಕಿಯ ಬೆಳಕಿಗೆ ಹಿಡಿದು, ನಿನ್ನೆ ಬಿತ್ತಿದವನು ಇವತ್ತೇ ಮೊಳಕೆ ಹುಡುಕುವ ಹಾಗೆ ನೋಡಿದ. ಸುಲಿದ ಮೊಟ್ಟೆಯ ಹಾಗೆ ಹೊಳೆಯುತ್ತಿದ್ದವು. ಅಂದರೆ ಸಾಣೆಕಲ್ಲಿನ ಅಂಗಡಿಗೆ ಹೋಗಲು ಇನ್ನೂ ಎಷ್ಟೋ ದಿನ ಕಾಯಬೇಕು.

ಕ್ಷೌರದ ಕತ್ತಿಗೆ ಸಾಣೆಕಲ್ಲು ಆರಿಸುವ ಕ್ರಮವೇ ಹಾಗೆ. ಒರಟು ಕಲ್ಲು ಕತ್ತಿಗೆ ಬಾಯಿ ಕೊಡುತ್ತದೆ. ನಡುವಿನ ಕಲ್ಲು ಅದನ್ನು ತಿದ್ದುತ್ತದೆ. ಕೊನೆಗೆ ನುಣುಪು ಕಲ್ಲಿನ ಮೇಲೆ ನೀರು ಹನಿಸಿ, ಒಂದಿಷ್ಟೂ ಒತ್ತದೆ, ಮಲಗಿದ ಮಗುವಿನ ಬೆನ್ನು ಸವರಿದ ಹಾಗೆ ಕತ್ತಿಯನ್ನು ಆಡಿಸಬೇಕು. ಆ ನುಣುಪು ಕಲ್ಲು ಒಳ್ಳೆಯದೋ ಅಲ್ಲವೋ ಎಂದು ಹೇಳುವುದು ಮುಂಗೈಯ ರೋಮ. ಕತ್ತಿ ಹಾದುಹೋದಾಗ ರೋಮ ತಾನಾಗಿ ಉದುರಿದರೆ ಕಲ್ಲು ಒಳ್ಳೆಯದು. ಚರ್ಮ ಚುರುಕ್ ಎಂದರೆ ಕತ್ತಿ ರೋಮವನ್ನು ಕತ್ತರಿಸದೆ ಎಳೆಯುತ್ತದೆ, ಕಲ್ಲು ಸರಿಯಿಲ್ಲ ಎಂದು ಅರ್ಥ. ಕೈಯಲ್ಲಿ ರೋಮವಿಲ್ಲದವನು ನುಣುಪು ಕಲ್ಲು ಕೇಳಲು ಹೋಗುವುದು ಹೊಟ್ಟೆ ಬಿರಿಯ ಉಂಡವನು ಅಡುಗೆಯ ರುಚಿ ನೋಡಲು ಹೋದ ಹಾಗೆ. ಸರಿಯಾದ ಕಾರಣವಿಲ್ಲದೆ ಯಾರ ಹೊಸ್ತಿಲನ್ನೂ ತುಳಿದವನಲ್ಲ ನಮ್ಮ ಕ್ಷೌರಿಕ.

ಪೇಟೆಯ ಕೊನೆಯಲ್ಲಿ, ತಂದೆ ತೀರಿಕೊಂಡ ಮೇಲೆ ಒಬ್ಬಳೇ ಆ ಅಂಗಡಿ ನಡೆಸುತ್ತಿದ್ದವಳು ಅವಳು. ಅವನ ಹಾಗೆ ಅವಳಿಗೂ ಮದುವೆಯ ವಯಸ್ಸು ಬಂದು, ಸ್ವಲ್ಪ ಹೊತ್ತು ಕಾದು, ಬೇಸರದಿಂದ ಮುಂದೆ ಹೋಗಿತ್ತು. ಅವನು ಕತ್ತಿ ಮಸೆಯುವಾಗ ಅವಳು ಲೋಟದಲ್ಲಿ ಬೆರಳದ್ದಿ ಕಲ್ಲಿನ ಮೇಲೆ ಒಂದೊಂದೇ ಹನಿ ಬಿಡುವಳು. ಇಬ್ಬರ ತಲೆಗಳೂ ಒಂದೇ ಕಲ್ಲಿನ ಮೇಲೆ ಬಾಗಿರುತ್ತಿದ್ದವು. ಅಲಗು ಕಲ್ಲಿನ ಮೇಲೆ ಸರಿದಾಡುವ ಸಣ್ಣ ಸದ್ದು ಬಿಟ್ಟರೆ ಮಾತಿಲ್ಲ. ಆಮೇಲೆ ಅವನು ಮುಂಗೈಯ ಮೇಲೆ ಕತ್ತಿ ಹಾಯಿಸುವನು, ರೋಮ ಹೂವಿನೆಸಳಿನಂತೆ ಉದುರುವುದು, ಅವಳು ಕತ್ತೆತ್ತಿ ನೋಡುವಳು. ಆಗ ಅವನು, "ಸ್ವಲ್ಪ ಎಳೆಯುತ್ತೆ" ಎನ್ನುವನು.

ಎಳೆಯುತ್ತಿರಲಿಲ್ಲ. ಒಂದು ಕಲ್ಲೂ ಎಳೆದದ್ದಿಲ್ಲ. ಆದರೆ ಒಳ್ಳೆಯ ನುಣುಪು ಕಲ್ಲು ಒಮ್ಮೆ ಕೊಂಡರೆ ಆಯುಷ್ಯಕ್ಕೆ ಸಾಕು. ಕೊಂಡ ಮೇಲೆ ಮತ್ತೆ ಅಲ್ಲಿಗೆ ಯಾವ ಮುಖ ಹೊತ್ತು ಹೋಗುವುದು? ಹೀಗಾಗಿ ಬಲಗೈ, ಎಡಗೈ, ಬೆಳೆದಾಗೆಲ್ಲ ಬೋಳಿಸಿ ಅವನು ವರ್ಷಗಳನ್ನು ಕಳೆದಿದ್ದ. ಪೇಟೆಯ ಉಳಿದ ಕ್ಷೌರಿಕರು ಅವನಿಗೆ ತಕರಾರಣ್ಣ ಎಂದು ಹೆಸರಿಟ್ಟಿದ್ದರು. ಮನೆಯಲ್ಲಿ ಅಕ್ಕ, ತಮ್ಮನಿಗೆ ಏನೋ ಚರ್ಮದ ಕಾಯಿಲೆ ಎಂದುಕೊಂಡು ಕೈಗಳಿಗೆ ತಪ್ಪದೆ ಎಣ್ಣೆ ಉಜ್ಜುತ್ತಿದ್ದಳು. ಅವನು ಬೇಡವೆನ್ನಲಿಲ್ಲ. ಎಣ್ಣೆಯಿಂದ ರೋಮ ಬೇಗ ಬೆಳೆದೀತು ಎಂಬ ಆಸೆ.

ಆ ದಿನ ಅಂಗಡಿ ತೆರೆದು, ಬ್ಯಾಂಕಿನ ಕಾವಲುಗಾರನನ್ನು ಕುರ್ಚಿಯಲ್ಲಿ ಕೂರಿಸಿ, ಒಂದು ಕೆನ್ನೆ ಮುಗಿಸಿ ಇನ್ನೊಂದಕ್ಕೆ ಸಾಬೂನು ಹಚ್ಚುತ್ತಿದ್ದಾಗ ಪಕ್ಕದಂಗಡಿಯ ದರ್ಜಿ ಬಂದ. ಅಳತೆಯ ಪಟ್ಟಿ ಕೊರಳಲ್ಲೇ ಇತ್ತು. ಪೇಟೆಯ ಸುದ್ದಿಯೆಲ್ಲ ಮೊದಲು ಅವನ ಕಿವಿಗೆ ಬೀಳುತ್ತಿತ್ತು. ಬಿದ್ದದ್ದರಲ್ಲಿ ಅರ್ಧ ಅವನ ಹೊಲಿಗೆಯಂತ್ರದ ಗದ್ದಲದಲ್ಲಿ ಕಳೆದುಹೋಗುತ್ತಿತ್ತು.

"ಕಲ್ಲಿನ ಅಂಗಡಿ ಮುಚ್ತಾರಂತಲ್ಲ," ಎಂದ ದರ್ಜಿ. "ಅವಳು ತನ್ನ ಅಕ್ಕನ ಊರಿಗೆ ಹೋಗ್ತಾಳಂತೆ."

ಕ್ಷೌರಿಕನ ಕೈಯ ಕುಂಚ ಕಾವಲುಗಾರನ ಮೂಗಿನೊಳಗೆ ಹೋಯಿತು.

ಅವನು ಯಾಕೆ ಎಂದು ಕೇಳುವ ಮೊದಲೇ ದರ್ಜಿ ಕಾರಣವನ್ನೂ ಹೇಳಿದ. ಕಲ್ಲುಗಳು ಮಾರಿ ಹೋಗುತ್ತಿಲ್ಲವಂತೆ. "ಹೇಗೆ ಹೋಗ್ತಾವೆ ಹೇಳು. ಉಳಿದವರೆಲ್ಲ ನಿನ್ನ ಬಾಯಿ ನೋಡ್ತಾರೆ. ತಕರಾರಣ್ಣನಿಗೇ ಹಿಡಿಸದ ಕಲ್ಲು ನಮಗ್ಯಾಕೆ ಅಂತಾರೆ. ಅವಳ ವ್ಯಾಪಾರಕ್ಕೆ ನೀನೇ ಕಲ್ಲು ಹಾಕಿದೀಯ ಕಣಯ್ಯ."

ತನ್ನ ಸುಳ್ಳು ತನ್ನ ಮುಂಗೈಗೆ ಮಾತ್ರ ನಷ್ಟ ಎಂದುಕೊಂಡಿದ್ದ ಕ್ಷೌರಿಕ. ಅದು ಅವಳ ಅನ್ನಕ್ಕೂ ತಗುಲುತ್ತಿದೆ ಎಂದು ಹೊಳೆದಿರಲೇ ಇಲ್ಲ. ಇವತ್ತೇ ಹೋಗಬೇಕು, ನಾಲ್ಕು ಜನರ ಮುಂದೆ ಕಲ್ಲನ್ನು ಹೊಗಳಬೇಕು, ಕಲ್ಲು ಹೋದರೆ ಅವಳು ಉಳಿಯುತ್ತಾಳೆ. ಲೆಕ್ಕ ಸರಿಯಾಗಿತ್ತು. ಕೈಗಳು ಮಾತ್ರ ಬೋಳು. ಅವನ್ನು ದರ್ಜಿಯ ಮುಂದೆ ಚಾಚಿದ.

"ನನ್ನ ಕೈ ಇದೆಯಲ್ಲ," ಎಂದ ದರ್ಜಿ. "ಆದ್ರೆ ಒಂದು ಮಾತು. ಕಲ್ಲಿನ ಜೊತೆ ಮನಸಲ್ಲಿರೋದನ್ನೂ ಇವತ್ತು ಹೇಳಿಬಿಡು. ಇಡೀ ಪೇಟೆಗೆ ಗೊತ್ತಿರೋದು ಅವಳಿಗೊಬ್ಬಳಿಗೆ ಗೊತ್ತಿಲ್ಲ."

ದರ್ಜಿಯ ಕೈಯಲ್ಲಿದ್ದದ್ದು ಬಡವರ ಮನೆಯ ಹಿತ್ತಿಲಿನಷ್ಟು ಬೆಳೆ. ಸಾಲದೆಂದು ಕ್ಷೌರಿಕನ ಕಣ್ಣು ಕಾವಲುಗಾರನ ತೋಳಿನ ಮೇಲೆ ಬಿತ್ತು. ಕರಡಿಯೂ ನಾಚಬೇಕು, ಅಂಥ ತೋಳು. ಅರ್ಧ ಮುಖದಲ್ಲಿ ಡ್ಯೂಟಿಗೆ ಹೋಗುವುದಾದರೂ ಹೇಗೆ ಎಂದು ಗೊಣಗಿಕೊಂಡೇ ಅವನೂ ಹೊರಟ. ಕತ್ತಿ ಹೋದ ಕಡೆ ಕೆನ್ನೆ ಹೋಗಲೇಬೇಕಲ್ಲ.

ಮುಂದೆ ಕತ್ತಿ ಹಿಡಿದ ಕ್ಷೌರಿಕ, ಹಿಂದೆ ಸಾಬೂನಿನ ಕೆನ್ನೆಯ ಕಾವಲುಗಾರ, ಪಕ್ಕದಲ್ಲಿ ತೋಳು ಮಡಚಿದ ದರ್ಜಿ. ಬೀದಿಯವರು ಏನೋ ಜಗಳವಿರಬೇಕೆಂದು ಆಸೆಯಿಂದ ಹಿಂಬಾಲಿಸಿದರು. ಅವರಲ್ಲಿ ಪೇಟೆಯ ಕ್ಷೌರಿಕರೂ ಇದ್ದರು.

ಅವಳು ಕಪಾಟಿನ ಕಲ್ಲುಗಳ ಧೂಳು ಒರೆಸುತ್ತಿದ್ದಳು. ಗುಂಪನ್ನು ಕಂಡು ಬಟ್ಟೆ ಕೆಳಗಿಟ್ಟಳು.

"ಇವರೆಲ್ಲ ಯಾರು?"

ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಮಾತೆಲ್ಲ ಕ್ಷೌರಿಕನಿಗೆ ಮರೆತುಹೋಯಿತು. "ಇವರಿಬ್ರು ಕೈ," ಎಂದ.

ಅವಳು ನಕ್ಕಳು. ಆ ನಗುವನ್ನು ಅವನು ಹಿಂದೆ ನೋಡಿರಲಿಲ್ಲ. ಬರೀ ಕಲ್ಲನ್ನು ನೋಡುತ್ತ ಎಷ್ಟು ವರ್ಷ ವ್ಯರ್ಥ ಮಾಡಿದೆನಲ್ಲ ಎನ್ನಿಸಿತು.

ಪರೀಕ್ಷೆ ಶುರುವಾಯಿತು. ದರ್ಜಿಗೆ ಕಚಗುಳಿ. ಕತ್ತಿ ಕೈಗೆ ತಾಗುವ ಮೊದಲೇ ನುಲಿದಾಡಿದ, ಕೊನೆಗೆ ಅವನ ತೋಳಿನ ಮೇಲೆ ಅವನೇ ಹೊಲಿದ ಕಾಲರಿನಷ್ಟು ಸೊಟ್ಟಗಿನ ಪಟ್ಟೆ ಮೂಡಿತು. ಕಾವಲುಗಾರನ ತೋಳು ಮಾತ್ರ ಬಂಡೆಯಂತೆ ನಿಂತಿತು. ಹಸಿರು ಕಲ್ಲು, ಬೂದಿ ಕಲ್ಲು, ಹಳದಿ ಗೆರೆಯ ಕಲ್ಲು, ಒಂದೊಂದಕ್ಕೂ ಒಂದೊಂದು ಗೇಣು ಕಾಡು ನೆಲ ಕಂಡಿತು. ಪ್ರತಿ ಸಲವೂ ಹೊಗಳಬೇಕೆಂದು ಕ್ಷೌರಿಕ ಬಾಯಿ ತೆರೆಯುವನು. ಹಳೆಯ ಅಭ್ಯಾಸದ ನಾಲಿಗೆ "ಸ್ವಲ್ಪ" ಎಂದು ಶುರುಮಾಡುವುದು. ದರ್ಜಿ ಪಕ್ಕೆಗೆ ತಿವಿಯುವನು. ಕ್ಷೌರಿಕನಿಗೆ ಗೊತ್ತಿತ್ತು, ಚೆನ್ನಾಗಿದೆ ಎಂದೊಡನೆ ಎರಡು ತಲೆ ಒಂದು ಕಲ್ಲಿನ ಮೇಲೆ ಬಾಗುವುದು ಮುಗಿಯುತ್ತದೆ. ಇನ್ನೊಂದು ಕಲ್ಲು, ಇನ್ನೊಂದೇ ಒಂದು ಎಂದು ಮನಸ್ಸು ಬೇಡುತ್ತಿತ್ತು.

ಕೊನೆಗೆ ಅವಳು ಪೆಟ್ಟಿಗೆಯ ತಳದಿಂದ ಬಟ್ಟೆ ಸುತ್ತಿದ ಕಪ್ಪು ಕಲ್ಲನ್ನು ತೆಗೆದಳು. ಅಪ್ಪ ಯಾರಿಗೂ ತೋರಿಸುತ್ತಿರಲಿಲ್ಲ ಎಂದಳು. ಬೆರಳಿಂದ ನೀರು ಬಿಟ್ಟಳು. ಅವನು ಕತ್ತಿಯನ್ನು ಹೋಗಿ ಬರಲು ಬಿಟ್ಟ. ಸದ್ದು ಕೂಡ ಬರಲಿಲ್ಲ. ಅವನ ಕಿವಿಗೆ ಅವಳ ಉಸಿರು ಮಾತ್ರ ಕೇಳಿಸುತ್ತಿತ್ತು.

ಈಗ ಕೈಗಳೆಲ್ಲ ಖಾಲಿ. ಉಳಿದದ್ದು ಕಾವಲುಗಾರನ ಇನ್ನೊಂದು ಕೆನ್ನೆ. ಅವನನ್ನು ಸ್ಟೂಲಿನ ಮೇಲೆ ಕೂರಿಸಿ, ಒಣಗಿದ್ದ ಸಾಬೂನಿಗೆ ನೀರು ಸವರಿ ಕತ್ತಿ ಇಟ್ಟ. ಅರ್ಧ ದಾರಿಯಲ್ಲಿ ಕಾವಲುಗಾರ ಗೊರಕೆ ಹೊಡೆಯತೊಡಗಿದ.

ಎಲ್ಲರೂ ಕ್ಷೌರಿಕನ ಬಾಯಿ ನೋಡಿದರು.

"ಚೆನ್ನಾಗಿದೆ," ಎಂದ ಅವನು. ಆಮೇಲೆ ಮನಸ್ಸಾಕ್ಷಿ ಸುಮ್ಮನಿರಲಿಲ್ಲ. "ಇದೊಂದೇ ಅಲ್ಲ. ಇಲ್ಲಿರೋ ಕಲ್ಲು ಎಲ್ಲಾನೂ ಚೆನ್ನಾಗಿದೆ. ಮೊದಲಿಂದಾನೂ ಚೆನ್ನಾಗಿತ್ತು."

ಪೇಟೆಯ ಕ್ಷೌರಿಕರೆಲ್ಲ ಒಮ್ಮೆಗೇ ಒಳಗೆ ನುಗ್ಗಿದರು. ತಕರಾರಣ್ಣ ಒಪ್ಪಿದ ಕಲ್ಲು ತನಗೆ, ತನಗೆ ಎಂದು ಕಿತ್ತಾಡಿದರು. ಕತ್ತಿಯನ್ನೇ ಮುಟ್ಟದ ಬಡಗಿ ಉಳಿಗೆಂದು ಎರಡು ಒಯ್ದ. ಒರಟು ಕಲ್ಲು, ನಡುವಿನ ಕಲ್ಲು, ಒಡೆದ ಚೂರು, ಅವಳು ತೆಗೆದಿಟ್ಟ ಕಪ್ಪು ಕಲ್ಲೊಂದು ಬಿಟ್ಟು ಯಾವುದೂ ಉಳಿಯಲಿಲ್ಲ. ದರ್ಜಿ ಕತ್ತರಿಗೆ ಒಂದು ಕೇಳಿದ. ಬಾಗಿಲು ತೆರೆದಿಡಲು ಒತ್ತಿಟ್ಟಿದ್ದ ಕಲ್ಲನ್ನೇ ಕೊಟ್ಟಳು. ಕಾವಲುಗಾರ ಎಚ್ಚರಗೊಂಡು, ಕೆನ್ನೆ ಸವರಿಕೊಂಡು, ಡ್ಯೂಟಿಗೆ ಓಡಿದ.

ಅಂಗಡಿ ಖಾಲಿಯಾಯಿತು. ಜನ ಹೋದರು, ದರ್ಜಿ ಕಣ್ಣು ಮಿಟುಕಿಸಿ ಬೀದಿಗೆ ಇಳಿದ. ಇಬ್ಬರೇ ಉಳಿದರು. ಇದೇ ಸಮಯ ಎಂದು ಕ್ಷೌರಿಕ ಗಂಟಲು ಸರಿಮಾಡಿಕೊಂಡ.

ಅವಳ ಕಣ್ಣಲ್ಲಿ ನೀರಿತ್ತು. "ನಿಮ್ಮ ಋಣ ಹೇಗೆ ತೀರಿಸಲಿ," ಎಂದಳು. "ಅಕ್ಕ ಯಾವಾಗಿಂದ ಕರೀತಿದ್ದಾಳೆ, ಬಂದು ಜೊತೆಗಿರು ಅಂತ. ಆದ್ರೆ ಈ ಕಲ್ಲನ್ನೆಲ್ಲ ಅದರ ಬೆಲೆ ಗೊತ್ತಿರೋರ ಕೈಗೇ ಸೇರಿಸು ಅಂತ ಅಪ್ಪ ಕೊನೇಲಿ ಮಾತು ತೊಗೊಂಡಿದ್ರು. ಎಲ್ಲ ಖಾಲಿಯಾದ ದಿನ ಮುಚ್ತೀನಿ ಅಂತ ದರ್ಜಿ ಹತ್ರಾನೂ ಹೇಳಿದ್ದೆ. ಈ ಜನ್ಮದಲ್ಲಿ ಆಗಲ್ಲ ಅಂದ್ಕೊಂಡಿದ್ದೆ. ನಿಮ್ಮಿಂದ ಬಿಡುಗಡೆ ಆಯ್ತು. ಸಂಜೆ ಬಸ್ಸಿಗೇ ಹೊರಡ್ತೀನಿ."

ಕ್ಷೌರಿಕ ಖಾಲಿ ಕಪಾಟನ್ನು ನೋಡಿದ. ಇಷ್ಟು ವರ್ಷ ಅವಳನ್ನು ಈ ಊರಲ್ಲಿ ಹಿಡಿದಿಟ್ಟಿದ್ದದ್ದು ತನ್ನ ಸುಳ್ಳೇ ಎಂದು ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು.

ಅವಳು ಕಪ್ಪು ಕಲ್ಲನ್ನು ಒರೆಸಿ, ಬಟ್ಟೆಯಲ್ಲಿ ಸುತ್ತಿ ಅವನ ಅಂಗೈಯಲ್ಲಿಟ್ಟಳು. "ಇದು ನಿಮಗೆ. ಇನ್ನು ನೀವು ಕಲ್ಲು ಹುಡುಕೋದು ಬೇಡ." ಬೆರಳುಗಳು ತಾಗಿದವು. ಇನ್ನೂ ಒದ್ದೆಯಿದ್ದವು. "ನೀವು ಏನೋ ಹೇಳೋಕೆ ಹೊರಟಿದ್ರಿ?"

ಅವಳ ಮುಖದ ತುಂಬ ಊರಿಗೆ ಹೋಗುವ ಸಂತೋಷವಿತ್ತು. ಅದರ ಮೇಲೆ ಕಲ್ಲು ಹಾಕುವ ಧೈರ್ಯ ಅವನಿಗೆ ಬರಲಿಲ್ಲ. ಸಾಮಾನು ಕಟ್ಟೋಕೆ ಹಗ್ಗ ಇದೆಯೇ ಎಂದು ಕೇಳಿದ. ಇರಲಿಲ್ಲ. ಹೋಗಿ ತಂದುಕೊಟ್ಟ. ಗಂಟು ಬಿಚ್ಚಿಕೊಳ್ಳಬಾರದೆಂದು ಎರಡೆರಡು ಸಲ ಬಿಗಿದ.

ಬಸ್ಸು ತಿರುವು ದಾಟಿದ ಮೇಲೂ ಅವನು ನಿಲ್ದಾಣದಲ್ಲೇ ನಿಂತಿದ್ದಾಗ ದರ್ಜಿ ಓಡೋಡಿ ಬಂದ.

"ಹೇಳ್ದೆಯೇನಯ್ಯ?"

"ಹೇಳ್ದೆ."

"ಏನಂತ?"

"ಕಲ್ಲು ಚೆನ್ನಾಗಿದೆ ಅಂತ."